ಧಾರವಾಡದ ರೈಲು ನಿಲ್ದಾಣವೂ ಘಟ್ಟದ ಏರೂ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ—ಈ ನಾಲ್ಕು ಊರುಗಳಲ್ಲಿ ಒಂದರಲ್ಲಿಯೂ ರೈಲು ನಿಲ್ದಾಣವಿಲ್ಲ. ಕಿತ್ತೂರಿನ ವಿದ್ಯಾರ್ಥಿಯು ರೈಲನ್ನು ಏರಬೇಕಾದರೆ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು. ಧಾರವಾಡದಲ್ಲಿ ಬೆಳಗಾವಿಯ ಗಾಡಿಯನ್ನು ಹತ್ತಿದರೆ, ಅದು ನೇರವಾಗಿ ಕಿತ್ತೂರಿನ ಕಡೆಗೆ ಹೊರಡದೆ, ಪಶ್ಚಿಮದ ಕಾಡನ್ನು ಹೊಕ್ಕು, ಅಳ್ನಾವರವನ್ನು ದಾಟಿ, ಲೋಂಡಾದಲ್ಲಿ ಉತ್ತರಕ್ಕೆ ತಿರುಗುತ್ತದೆ. ಈ ಬಳಸುದಾರಿಗೆ ಕಾರಣವೇನು?

ರೈಲು ಬರುವುದಕ್ಕೆ ಮೊದಲು ಈ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. 1876-78ರ ಭೀಕರ ಕ್ಷಾಮದಲ್ಲಿ ಧಾನ್ಯ ಸಾಗಿಸುವ ಸಾಧನವಿಲ್ಲದೆ ಜನ ತತ್ತರಿಸಿದರು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಇಲ್ಲಿ ಮೀಟರ್ ಗೇಜಿನ ಹಳಿಗಳನ್ನು ಹಾಸಿತು. ಧಾರವಾಡದಿಂದ ಮುಂದಿನ ಗುರಿ ಗೋವೆಯ ಮೊರ್ಮುಗಾವ್ ಬಂದರು. ನಡುವೆ ಅಡ್ಡವಾಗಿ ನಿಂತಿದ್ದುದು ಸಹ್ಯಾದ್ರಿ.

ಇಲ್ಲಿ ಭೌತಶಾಸ್ತ್ರವನ್ನು ಕೊಂಚ ನೆನೆಯೋಣ. ಸಮತಲದ ಹಳಿಯ ಮೇಲೆ ಒಂದು ಟನ್ ಭಾರವನ್ನು ಎಳೆಯಲು ಸುಮಾರು 3 ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಕ್ಯಾಸಲ್‌ರಾಕ್‌ನಿಂದ ಕೆಳಗಿಳಿಯುವ ಘಟ್ಟದಲ್ಲಿ ಏರು 37ಕ್ಕೆ 1. ಎಂದರೆ 37 ಮೀಟರು ಸಾಗಿದರೆ 1 ಮೀಟರು ಎತ್ತರ. ಒಂದು ಟನ್ನಿನ 37ನೆಯ ಒಂದು ಪಾಲು ಸುಮಾರು 27 ಕಿಲೋಗ್ರಾಂ. ಇದನ್ನು ಮೊದಲಿನ ಮೂರಕ್ಕೆ ಕೂಡಿಸಿದರೆ 30. ಬೇಕಾಗುವ ಬಲ ಹತ್ತು ಮಡಿ! ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ಹಳಿಯ ಮೇಲೆ ಚಕ್ರದ ಹಿಡಿತವು, ಚಕ್ರವು ಹೊತ್ತ ಭಾರದ ಸುಮಾರು ಕಾಲು ಪಾಲಿಗೆ ಸೀಮಿತ. ಅದನ್ನು ಮೀರಿದರೆ ಚಕ್ರವು ನಿಂತಲ್ಲಿಯೇ ತಿರುಗುತ್ತದೆ. ಆದ್ದರಿಂದಲೇ ಅಲ್ಲಿ ಗಾಡಿಯನ್ನು ಹಿಂದಿನಿಂದ ತಳ್ಳಲು ಹೆಚ್ಚಿನ ಎಂಜಿನ್ನುಗಳು ಬೇಕಾಗುತ್ತವೆ.

ಇಷ್ಟು ಕಷ್ಟದಿಂದ ತೆರೆದ ಘಟ್ಟದ ದಾರಿಗೆ ಪುಣೆ, ಬೆಳಗಾವಿಗಳ ಹಳಿಯೂ ಲೋಂಡಾದಲ್ಲಿ ಬಂದು ಕೂಡಿತು. ಕಿತ್ತೂರು, ಬೈಲಹೊಂಗಲಗಳು ಬದಿಗೆ ಉಳಿದವು.

ಆ ಕಂಪನಿಯ ಪ್ರಧಾನ ಕಚೇರಿಯು ಧಾರವಾಡದಲ್ಲಿತ್ತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಒಂದಾಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂದೆ ಅದೇ ಕಟ್ಟಡದಲ್ಲಿ ನೆಲೆಗೊಂಡಿತು. 1990ರ ದಶಕದಲ್ಲಿ ಮೀಟರ್ ಗೇಜು ಬ್ರಾಡ್ ಗೇಜಾಯಿತು. ದಾರಿ ಮಾತ್ರ ಹಳೆಯದೇ.

ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಸುಮಾರು 73 ಕಿಲೋಮೀಟರಿನ ನೇರಮಾರ್ಗಕ್ಕೆ 2020ರಲ್ಲಿ ಮಂಜೂರಾತಿ ದೊರೆಯಿತು. ಅಲ್ಲಿ ದಾಟಬೇಕಾದ ಘಟ್ಟವಿಲ್ಲ. ಆದುದರಿಂದ ಕಿತ್ತೂರಿಗೆ ರೈಲು ತಪ್ಪಿದ್ದು ನಿಸರ್ಗದ ನಿಯಮದಿಂದಲ್ಲ. ಹಳಿಯು ಊರನ್ನು ನೋಡದೆ ಬಂದರನ್ನು ನೋಡಿದ್ದರಿಂದ.