ಎದೆಬಡಿತ ಮತ್ತು ಹೃದಯದ ಮರ್ಮರ

ಎದೆಬಡಿತವು ರೋಗಿಯ ಅನುಭವಕ್ಕೆ ಬರುವಂಥದು. ಮರ್ಮರವು ವೈದ್ಯರ ಕಿವಿಗೆ ಕೇಳಿಸುವಂಥದು. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಸ್ಟೆತಾಸ್ಕೋಪನ್ನು ರೂಪಿಸಿದ ಬಳಿಕ ಈ ಧ್ವನಿಯ ಅಧ್ಯಯನ ವಿಸ್ತರಿಸಿತು. ರಕ್ತಪ್ರವಾಹದಲ್ಲಿ ಉಂಟಾಗುವ ಕ್ಷೋಭೆಯೇ ಮರ್ಮರಕ್ಕೆ ಕಾರಣ. ಮಕ್ಕಳಲ್ಲಿ, ಗರ್ಭಿಣಿಯರಲ್ಲಿ, ರಕ್ತಹೀನತೆಯುಳ್ಳವರಲ್ಲಿ ಕವಾಟಗಳು ನಿರ್ದುಷ್ಟವಾಗಿದ್ದರೂ ಅದು ಕೇಳಿಬರಬಹುದು.

ಭಾರತದಲ್ಲಿ ಇದರ ಗಂಭೀರ ಕಾರಣಗಳಲ್ಲಿ ರುಮ್ಯಾಟಿಕ್ ಜ್ವರ ಮುಖ್ಯವಾದುದು. ಬಾಲ್ಯದ ಗಂಟಲುಬೇನೆಯ ತರುವಾಯ ಬರುವ ಈ ಜ್ವರ ಮರುಕಳಿಸಿದಂತೆ ಮೈಟ್ರಲ್ ಕವಾಟ ಕಿರಿದಾಗುತ್ತ ಹೋಗಬಹುದು. ಆಗ ಎಡ ಹೃತ್ಕರ್ಣ ಹಿಗ್ಗಿ ಬಡಿತದ ಲಯ ತಪ್ಪುತ್ತದೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಸಾಗಿದರೆ ಪಾರ್ಶ್ವವಾಯು ಸಂಭವಿಸುತ್ತದೆ. ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ನೀಡುವ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಜ್ವರದ ಮರುಕಳಿಕೆಯನ್ನು ತಡೆಯುತ್ತದೆ. ಬಾಧೆಯಿಲ್ಲದ ವರ್ಷಗಳಲ್ಲಿಯೂ ಅದನ್ನು ವೈದ್ಯರು ಸೂಚಿಸಿದಷ್ಟು ಕಾಲ ಮುಂದುವರಿಸುವುದು ಅಗತ್ಯ.