ಲೈನ್ ಒಂದು, ಅರ್ಥ ಹಲವು

ಪ್ರಶ್ನೆ: ರೈಲಿಗೂ ಲೈನು, ಕರೆಂಟಿಗೂ ಲೈನು, ಕಾಫಿ ತೋಟದ ಕೂಲಿಯವರ ಮನೆಗೂ ಲೈನು. ಒಂದೇ ಇಂಗ್ಲಿಷ್ ಪದಕ್ಕೆ ಇಷ್ಟು ಅರ್ಥ ಹೇಗೆ ಬಂತು?

ಉತ್ತರ: ಇದರ ಬೇರು ಲ್ಯಾಟಿನ್ನಿನ ‘ಲೀನಮ್’, ಅಂದರೆ ಅಗಸೆ. ಅಗಸೆ ನಾರಿನ ದಾರಕ್ಕೆ ‘ಲೀನೆಯ’ ಎಂದರು. ಬಿಗಿದು ಕಟ್ಟಿದ ದಾರ ನೆಟ್ಟಗಿರುತ್ತದೆ. ಹಾಗಾಗಿ ಗೆರೆ, ಸಾಲು, ತಂತಿ, ಹಳಿ, ಪದ್ಯದ ಪಂಕ್ತಿ ಎಲ್ಲವೂ ಕಾಲಕ್ರಮದಲ್ಲಿ ಲೈನ್ ಆದವು.

ಹಾಸನ ಜಿಲ್ಲೆಯೊಂದರಲ್ಲೇ ಇವುಗಳಲ್ಲಿ ಹಲವು ಸಿಗುತ್ತವೆ. ಹೊಳೆನರಸೀಪುರ ಇರುವುದು ಮೈಸೂರು–ಹಾಸನ ರೈಲು ಲೈನಿನಲ್ಲಿ. 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ಲೈನ್ ಶ್ರವಣಬೆಳಗೊಳ, ಚನ್ನರಾಯಪಟ್ಟಣ ದಾಟಿ ಬರುತ್ತದೆ. ಅರಕಲಗೂಡು ಪಟ್ಟಣಕ್ಕೆ ರೈಲಿಲ್ಲ. ಅಲ್ಲಿ ಮಳೆಗಾಳಿಗೆ ‘ಲೈನ್ ಕಟ್ಟಾಯ್ತು’ ಎಂದರೆ ವಿದ್ಯುತ್ ತಂತಿಯ ಮಾತು, ಕರೆಯಬೇಕಾದವರು ಲೈನ್‌ಮನ್. ಸಕಲೇಶಪುರದ ಕಡೆ ತೋಟದ ಕಾರ್ಮಿಕರಿಗೆ ಒಂದೇ ಸಾಲಿನಲ್ಲಿ ಕಟ್ಟಿದ ವಸತಿ ‘ಲೈನ್ ಮನೆ’. ಕಾಲೇಜು ಹುಡುಗರ ‘ಲೈನ್ ಹೊಡೆಯೋದು’ ಮಾತ್ರ ನಮ್ಮ ದೇಶದಲ್ಲೇ ಹುಟ್ಟಿದ ಬಳಕೆ.

ಗೊಂದಲವಾದರೆ ನಿಘಂಟು ತೆರೆಯುವ ಮೊದಲು ಅಕ್ಕಪಕ್ಕದ ಪದ ನೋಡಿ; ಅರ್ಥ ತಿಳಿಸುವುದು ಅವೇ.