ಮನೆಯ ಕಂಪ್ಯೂಟರಿಗೆ ಮೊದಲು ಯಾವ ಬಿಡಿಭಾಗ? ಹಣ ಕೊಡುವ ಮುನ್ನ ಮಾಡಬೇಕಾದ ಅಳತೆ

ಬೇಸಿಗೆ ರಜೆ ಸಮೀಪಿಸಿದಂತೆ ಪ್ರೌಢಶಾಲೆಯ ಮಕ್ಕಳಿರುವ ಹಲವು ಮನೆಗಳಲ್ಲಿ ಒಂದು ಬೇಡಿಕೆ ತಲೆಯೆತ್ತುತ್ತದೆ. ಕಂಪ್ಯೂಟರಿನಲ್ಲಿ ಆಟ ತಡೆತಡೆದು ಓಡುತ್ತಿದೆ, ಗ್ರಾಫಿಕ್ಸ್ ಕಾರ್ಡ್ ತೆಗೆಸಿಕೊಡಿ ಎಂಬುದೇ ಆ ಬೇಡಿಕೆ. ಹೆತ್ತವರ ಕೈಯಲ್ಲಿರುವ ಹಣವಾದರೋ ಮಿತವಾದದ್ದು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಪುಸ್ತಕ, ಸಮವಸ್ತ್ರ, ಬಸ್ಸಿನ ಖರ್ಚು ಎದುರಿಗಿರುತ್ತದೆ. ಒಮ್ಮೆ ತಪ್ಪು ಭಾಗಕ್ಕೆ ಹಣ ಸುರಿದರೆ ಸರಿಯಾದ ಭಾಗವನ್ನು ಕೊಳ್ಳಲು ಮತ್ತೆರಡು ವರ್ಷ ಕಾಯಬೇಕಾದೀತು.

ಗಡಿನಾಡಿನ ನಮ್ಮ ಕುಟುಂಬಗಳಿಗೆ ಇನ್ನೊಂದು ತೊಡಕೂ ಉಂಟು. ಈ ವಿಷಯದ ವಿವರಣೆಗಳು ಬಹುತೇಕ ಇಂಗ್ಲಿಷ್ ಅಥವಾ ಹಿಂದಿಯ ವಿಡಿಯೊಗಳಲ್ಲಿವೆ. ಅಂಗಡಿಯ ಮಾತುಕತೆ ಕಾಸರಗೋಡಿನಲ್ಲಿ ಮಲಯಾಳದಲ್ಲಿಯೂ ಸೊಲ್ಲಾಪುರದಲ್ಲಿ ಮರಾಠಿಯಲ್ಲಿಯೂ ಆದೋನಿಯಲ್ಲಿ ತೆಲುಗಿನಲ್ಲಿಯೂ ನಡೆಯುತ್ತದೆ. ಮನೆಮಾತಿನಲ್ಲಿ ತಿಳಿವಳಿಕೆ ದೊರೆಯದಿದ್ದಾಗ ನಿರ್ಧಾರವು ಅಂಗಡಿಯವರ ಕೈಗೋ ಮಕ್ಕಳ ಹಟಕ್ಕೋ ಹೋಗಿಬಿಡುತ್ತದೆ. ಹಣ ಕೊಡುವವರೇ ಪ್ರಶ್ನೆ ಕೇಳಲಾರದ ಸ್ಥಿತಿ ಉಂಟಾಗಬಾರದು. ಆದ್ದರಿಂದ ಈ ನಿರ್ಧಾರದ ಕ್ರಮವನ್ನು ಇಲ್ಲಿ ಕನ್ನಡದಲ್ಲಿಯೇ ವಿವರಿಸಲಾಗಿದೆ.

ಉಳಿದವರನ್ನು ಕಾಯಿಸುವವರು ಯಾರು?

ಮದುವೆಯ ಊಟದ ಪಂಕ್ತಿಯನ್ನು ನೆನೆಯಿರಿ. ಉಗ್ರಾಣದಿಂದ ಸಾಮಗ್ರಿ ಬರಬೇಕು. ಅಡುಗೆಯವರು ಪಾಕವನ್ನು ಸಿದ್ಧಪಡಿಸಬೇಕು. ಬೇಕಾದುದೆಲ್ಲ ಕೈಗೆಟಕುವ ಮೇಜಿನ ಮೇಲಿರಬೇಕು. ಬಡಿಸುವವರು ನೂರಾರು ಎಲೆಗಳಿಗೆ ಬಡಿಸಬೇಕು. ಬಡಿಸುವವರು ಇಬ್ಬರೇ ಇದ್ದರೆ ಇನ್ನೊಬ್ಬ ಅಡುಗೆಯವರನ್ನು ಕರೆಸಿದರೂ ಊಟ ಬೇಗ ಮುಗಿಯದು. ಉಗ್ರಾಣದ ಬಾಗಿಲು ಕಿರಿದಾಗಿದ್ದರೆ ಬಡಿಸುವವರು ಇಪ್ಪತ್ತು ಮಂದಿ ಇದ್ದರೂ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಕಂಪ್ಯೂಟರಿನ ವ್ಯವಸ್ಥೆಯೂ ಹೀಗೆಯೇ. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂಬುದು ಉಗ್ರಾಣ. ರ‍್ಯಾಮ್ ಎಂಬುದು ಸಾಮಗ್ರಿ ಹರಡಿದ ಮೇಜು. ಪ್ರೊಸೆಸರ್ ಅಡುಗೆಯ ಮುಖ್ಯಸ್ಥ. ಗ್ರಾಫಿಕ್ಸ್ ಕಾರ್ಡ್ ಬಡಿಸುವವರ ತಂಡ. ಈಗಿನ ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080ರಂತೆ ಒಟ್ಟು 20,73,600 ಚುಕ್ಕೆಗಳಿವೆ. ಆಟವು ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಬಾರಿ ಈ ಎಲ್ಲ ಚುಕ್ಕೆಗಳಿಗೂ ಹೊಸದಾಗಿ ಬಣ್ಣ ಬಡಿಸಬೇಕು. ಒಂದು ಚಿತ್ರಕ್ಕೆ ದೊರೆಯುವ ಅವಧಿ ಸೆಕೆಂಡಿನ ಅರುವತ್ತನೆಯ ಒಂದು ಭಾಗ ಮಾತ್ರ. ಈ ಸರಣಿಯಲ್ಲಿ ಯಾವ ಭಾಗವು ಉಳಿದವುಗಳನ್ನು ಕಾಯಿಸುತ್ತಿದೆಯೋ ಆ ಭಾಗಕ್ಕೇ ಮೊದಲ ಹಣ ಸಲ್ಲಬೇಕು. ಅದನ್ನು ಊಹೆಯಿಂದ ನಿರ್ಧರಿಸದೆ ಅಳೆದು ತಿಳಿಯಬೇಕು.

ಮೊದಲ ಹಂತ: ಖರ್ಚಿಲ್ಲದ ಪರಿಶೀಲನೆ

ಕೆಲವು ತೊಂದರೆಗಳಿಗೆ ಯಾವ ಬಿಡಿಭಾಗವೂ ಬೇಡ. ಪರದೆಯ ಕೇಬಲ್ ಎಲ್ಲಿಗೆ ಜೋಡಣೆಯಾಗಿದೆ ಎಂಬುದನ್ನು ನೋಡಿರಿ. ಗ್ರಾಫಿಕ್ಸ್ ಕಾರ್ಡ್ ಇದ್ದೂ ಕೇಬಲನ್ನು ಮದರ್‌ಬೋರ್ಡಿನ ರಂಧ್ರಕ್ಕೆ ಸಿಕ್ಕಿಸಿದ್ದರೆ ಆ ಕಾರ್ಡಿನ ಶಕ್ತಿ ಬಹುಮಟ್ಟಿಗೆ ವ್ಯರ್ಥವಾಗುತ್ತದೆ. ಎರಡನೆಯದಾಗಿ ಧೂಳು. ಪ್ರೊಸೆಸರ್ 95ರಿಂದ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಸಮೀಪಿಸಿದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ. ಸೊಲ್ಲಾಪುರ, ರಾಯದುರ್ಗಗಳ ಬೇಸಿಗೆಯಲ್ಲಿ ಕೋಣೆಯ ಗಾಳಿಯೇ ಬಿಸಿಯಾಗಿರುವಾಗ ಫ್ಯಾನಿಗೆ ಧೂಳು ಮೆತ್ತಿಕೊಂಡಿದ್ದರೆ ಹೀಗಾಗುವುದು ಬಲು ಸುಲಭ. ಆಟ ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಂಟಲಾರಂಭಿಸಿದರೆ ಮೊದಲು ಉಷ್ಣತೆಯನ್ನು ಸಂಶಯಿಸಬೇಕು. ವಿದ್ಯುತ್ ಸಂಪರ್ಕ ಕಡಿದು ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯುವುದು, ಹಲವು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರಿನ ಮೇಲಣ ಥರ್ಮಲ್ ಪೇಸ್ಟನ್ನು ಬದಲಿಸುವುದು, ಇವು ಅಲ್ಪ ಖರ್ಚಿನ ಕೆಲಸಗಳು.

ಮೂರನೆಯದಾಗಿ, ತಡೆಯಾಗುತ್ತಿರುವುದು ಯಂತ್ರದಲ್ಲೋ ಅಂತರ್ಜಾಲದಲ್ಲೋ ಎಂಬುದನ್ನು ಬೇರ್ಪಡಿಸಿ ನೋಡಬೇಕು. ದೃಶ್ಯ ನಯವಾಗಿ ಚಲಿಸುತ್ತಿದ್ದು ಎದುರಾಳಿಗಳು ಮಾತ್ರ ಇದ್ದಕ್ಕಿದ್ದಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುತ್ತಿದ್ದರೆ ಅದು ಸಂಪರ್ಕದ ದೋಷ. ಮೊಬೈಲಿನ ಹಾಟ್‌ಸ್ಪಾಟ್ ನೆಚ್ಚಿಕೊಂಡ ಮನೆಗಳಲ್ಲಿ ಇದು ಸಾಮಾನ್ಯ. ಎಷ್ಟೇ ಬೆಲೆಯ ಗ್ರಾಫಿಕ್ಸ್ ಕಾರ್ಡ್ ತಂದರೂ ಈ ದೋಷ ಹೋಗದು.

ಎರಡನೆಯ ಹಂತ: ಅಳತೆ

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ಗ್ರಾಫಿಕ್ಸ್ ಇವು ಶೇಕಡಾ ಎಷ್ಟು ದುಡಿಯುತ್ತಿವೆ ಎಂಬುದು ಕಾಣುತ್ತದೆ. ವಿಂಡೋಸ್ ಕೀಯೊಂದಿಗೆ ಜಿ ಅಕ್ಷರವನ್ನು ಒತ್ತಿದರೆ ತೆರೆಯುವ ಗೇಮ್ ಬಾರ್‌ನಲ್ಲಿ ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತಿವೆ ಎಂಬ ಲೆಕ್ಕ ದೊರೆಯುತ್ತದೆ. ಇದನ್ನೇ ಮಕ್ಕಳು ಎಫ್‌ಪಿಎಸ್ ಎನ್ನುತ್ತಾರೆ.

ಈಗ ಒಂದೇ ಆಟದ ಒಂದೇ ಸ್ಥಳದಲ್ಲಿ ಎರಡು ಬಾರಿ ಲೆಕ್ಕ ಬರೆದುಕೊಳ್ಳಬೇಕು. ಮೊದಲು ಮಾಮೂಲಿನ 1920×1080 ಅಳತೆಯಲ್ಲಿ. ಆಮೇಲೆ ಆಟದ ಸೆಟ್ಟಿಂಗಿನಲ್ಲಿ ಅದನ್ನು 1280×720ಕ್ಕೆ ಇಳಿಸಿ. ಆಗ ಬಡಿಸಬೇಕಾದ ಚುಕ್ಕೆಗಳು 9,21,600ಕ್ಕೆ, ಅಂದರೆ ಅರ್ಧಕ್ಕಿಂತಲೂ ಕಡಿಮೆಗೆ ಇಳಿಯುತ್ತವೆ; ಬಡಿಸುವ ತಂಡದ ಹೊರೆ ಹಗುರಾಗುತ್ತದೆ. ಇದರಿಂದ ಎಫ್‌ಪಿಎಸ್ ಗಣನೀಯವಾಗಿ ಏರಿದರೆ ತಡೆ ಗ್ರಾಫಿಕ್ಸ್‌ನಲ್ಲಿತ್ತು ಎಂದರ್ಥ. ಲೆಕ್ಕ ಇದ್ದಲ್ಲಿಯೇ ನಿಂತು, ಗ್ರಾಫಿಕ್ಸ್‌ನ ದುಡಿಮೆಯೂ ಪೂರ್ಣಕ್ಕಿಂತ ಬಹಳ ಕೆಳಗಿದ್ದರೆ ತಡೆ ಪ್ರೊಸೆಸರಿನಲ್ಲಿಯೋ ರ‍್ಯಾಮಿನಲ್ಲಿಯೋ ಇದೆ. ಪ್ರೊಸೆಸರಿನ ಒಟ್ಟು ಅಂಕಿ 50ರ ಆಸುಪಾಸಿನಲ್ಲಿದ್ದರೂ ಅದರ ಒಂದು ಕೋರ್ ಪೂರ್ತಿ ದಣಿದಿರುವುದು ಸಾಧ್ಯವಾದ್ದರಿಂದ ಆ ಒಂದು ಅಂಕಿಯನ್ನೇ ನಂಬಬಾರದು. ಇನ್ನು, ಆಟ ತೆರೆಯುವಾಗಲೂ ಕಂಪ್ಯೂಟರ್ ಆರಂಭವಾಗುವಾಗಲೂ ಡಿಸ್ಕ್ ಬಹಳ ಹೊತ್ತು 100ರಲ್ಲಿಯೇ ನಿಂತಿದ್ದರೆ ಉಗ್ರಾಣದ ಬಾಗಿಲು ಕಿರಿದಾಗಿದೆ ಎಂದು ತಿಳಿಯಬೇಕು.

ಮೂರನೆಯ ಹಂತ: ಅಳತೆಗೆ ತಕ್ಕ ಭಾಗ

*ಎಸ್‌ಎಸ್‌ಡಿ.* ಕಂಪ್ಯೂಟರಿನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಒಂದೇ ಇದ್ದರೆ ಬಹುತೇಕ ಸಂದರ್ಭಗಳಲ್ಲಿ ಮೊದಲ ಹಣ ಇದಕ್ಕೇ ಸಲ್ಲಬೇಕು. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಹೆಚ್ಚೆಂದರೆ 100ರಿಂದ 200 ಎಂಬಿ ಮಾಹಿತಿಯನ್ನು ಒದಗಿಸುತ್ತದೆ. ಸಾಟಾ ಕೇಬಲಿನ ಸಾಮಾನ್ಯ ಎಸ್‌ಎಸ್‌ಡಿ ಸುಮಾರು 500 ಎಂಬಿ ಒದಗಿಸುತ್ತದೆ. ಅಲ್ಲಲ್ಲಿ ಚದುರಿದ ಕಡತಗಳನ್ನು ಹುಡುಕಿ ತರುವುದರಲ್ಲಂತೂ ಅಂತರ ಇನ್ನೂ ಹೆಚ್ಚು. ಆದರೆ ಎಸ್‌ಎಸ್‌ಡಿಯಿಂದ ಎಫ್‌ಪಿಎಸ್ ಏರದು ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ಅದು ಕಾಯುವ ಹೊತ್ತನ್ನು ಕಡಿಮೆ ಮಾಡುತ್ತದೆ. ಆಟದ ನಡುವೆ ದೃಶ್ಯ ತುಂಬಿಕೊಳ್ಳುವಾಗಿನ ಮುಗ್ಗರಿಕೆಯನ್ನು ತಗ್ಗಿಸುತ್ತದೆ. ಪಾಠದ ವಿಡಿಯೊ, ಕನ್ನಡ ಬೆರಳಚ್ಚು, ಅರ್ಜಿ ತುಂಬುವ ಕೆಲಸ ಎಲ್ಲಕ್ಕೂ ಉಪಕಾರ ಮಾಡುವ ಭಾಗವಿದು. ನಾಳೆ ಹೊಸ ಕಂಪ್ಯೂಟರ್ ಕೊಂಡರೆ ಅದಕ್ಕೂ ಜೋಡಿಸಬಹುದು.

*ರ‍್ಯಾಮ್.* ಆಟದ ವೇಳೆ ಮೆಮೊರಿಯ ಅಂಕಿ 90ರ ಮೇಲೆಯೇ ನಿಂತಿದ್ದರೆ ಮೇಜು ಸಾಲದಾಗಿದೆ. ಇಂದಿನ ಆಟಗಳಿಗೆ 4 ಜಿಬಿ ಏನೂ ಸಾಲದು. 8 ಜಿಬಿಯಲ್ಲಿ ಹಗುರವಾದ ಆಟಗಳು ನಡೆಯುತ್ತವೆ. 16 ಜಿಬಿ ಇದ್ದರೆ ನೆಮ್ಮದಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಅಲ್ಲಿ ಒಂದು ಪಟ್ಟಿಯ ಜಾಗದಲ್ಲಿ ಸಮನಾದ ಎರಡು ಪಟ್ಟಿಗಳನ್ನು ಹಾಕಿದರೆ ಮಾಹಿತಿ ಹರಿಯುವ ದಾರಿ ಇಮ್ಮಡಿಯಾಗಿ ಎಫ್‌ಪಿಎಸ್ ಕೂಡ ಚೆನ್ನಾಗಿ ಏರುತ್ತದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಇರುವ ಪಟ್ಟಿಯ ಮೇಲಿನ ಬರಹವನ್ನು ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಬೇಕು. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮಿನ ಬೆಲೆ ತೀವ್ರವಾಗಿ ಏರಿದೆ. ಹಳೆಯ ವಿಡಿಯೊಗಳಲ್ಲಿ ಹೇಳಿದ ದರವನ್ನು ನಂಬದೆ ಆ ದಿನದ ದರವನ್ನು ಎರಡು ಕಡೆ ವಿಚಾರಿಸಿರಿ.

*ಗ್ರಾಫಿಕ್ಸ್ ಕಾರ್ಡ್ ಮತ್ತು ಪವರ್ ಸಪ್ಲೈ.* ಅಳತೆಯು ಗ್ರಾಫಿಕ್ಸ್‌ನತ್ತ ಬೆರಳು ಮಾಡಿದರೆ ಕಾರ್ಡಿನ ಬೆಲೆ ಕೇಳುವುದಕ್ಕೂ ಮುನ್ನ ಪವರ್ ಸಪ್ಲೈ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದಬೇಕು. ನಮ್ಮ ಊರುಗಳಲ್ಲಿ ಮಾರಾಟಕ್ಕೆ ಬರುವ, ಕಚೇರಿಗಳಲ್ಲಿ ಬಳಸಿ ಬಿಟ್ಟ ಕಂಪ್ಯೂಟರುಗಳಲ್ಲಿ ಅನೇಕವು ಸುಮಾರು 180ರಿಂದ 300 ವ್ಯಾಟಿನವು. ಅವುಗಳಲ್ಲಿ ಕಾರ್ಡಿಗೆ ಬೇಕಾದ ಪ್ರತ್ಯೇಕ ವಿದ್ಯುತ್ ತಂತಿ ಇರುವುದು ವಿರಳ. ಮದರ್‌ಬೋರ್ಡಿನ ಸ್ಲಾಟ್ ಒಂದೇ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. ಆರು ಪಿನ್ನಿನ ತಂತಿ ಇದ್ದರೆ ಇನ್ನೂ 75, ಎಂಟು ಪಿನ್ನಿನದಾದರೆ 150 ವ್ಯಾಟ್ ಸೇರುತ್ತದೆ. ಹಾಗಾಗಿ ಅಂತಹ ಯಂತ್ರಗಳಿಗೆ ಜಿಟಿಎಕ್ಸ್ 1650, 6 ಜಿಬಿಯ ಆರ್‌ಟಿಎಕ್ಸ್ 3050 ಮೊದಲಾದ, 75 ವ್ಯಾಟಿನೊಳಗೆ ನಡೆಯುವ ಹಾಗೂ ಹೊರಗಿನ ತಂತಿ ಬೇಡದ ಮಾದರಿಗಳನ್ನೇ ಕೇಳಬೇಕು. ಪೆಟ್ಟಿಗೆ ತೆಳ್ಳಗಿನದಾದರೆ ಕುಳ್ಳ ಗಾತ್ರದ ಕಾರ್ಡ್ ಬೇಕಾಗುತ್ತದೆ. ಸ್ಕೇಲ್ ಹಿಡಿದು ಜಾಗ ಅಳೆದುಕೊಳ್ಳುವುದು ಒಳಿತು. ಇದಕ್ಕಿಂತ ಬಲವಾದ ಕಾರ್ಡ್ ಬೇಕೆಂದಾದರೆ ಒಳ್ಳೆಯ ಪವರ್ ಸಪ್ಲೈಯ ಬೆಲೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು. ಕಳಪೆ ಪವರ್ ಸಪ್ಲೈ ಕೆಟ್ಟರೆ ಹೊಸ ಕಾರ್ಡನ್ನೂ ಮದರ್‌ಬೋರ್ಡನ್ನೂ ಕೆಡಿಸಿ ಹೋದೀತು. ವಿದ್ಯುತ್ ಆಗಾಗ ಹೋಗಿಬರುವ ಊರುಗಳಲ್ಲಿ ಸಾಧಾರಣ ಯುಪಿಎಸ್ ಕೂಡ ಕಾರ್ಡಿಗಿಂತ ಮೊದಲು ಬರಬೇಕಾದ ವಸ್ತು.

*ಪರದೆ.* ಪರದೆ 60 ಹರ್ಟ್ಸಿನದಾದರೆ ಅದು ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರಗಳನ್ನು ತೋರಿಸಲಾರದು. ಆಟವು ಈಗಾಗಲೇ 60 ಎಫ್‌ಪಿಎಸ್‌ನಲ್ಲಿ ಸ್ಥಿರವಾಗಿ ಓಡುತ್ತಿದ್ದರೆ ದೊಡ್ಡ ಕಾರ್ಡಿಗೆ ಕೊಡುವ ಹಣದ ಫಲ ಕಣ್ಣಿಗೆ ಕಾಣುವುದು ಬಹಳ ಕಡಿಮೆ.

*ಪ್ರೊಸೆಸರ್.* ಇದನ್ನು ಕೊನೆಗೆ ಇಟ್ಟುದಕ್ಕೆ ಕಾರಣವಿದೆ. ಪ್ರೊಸೆಸರ್ ಬದಲಿಸಿದರೆ ಹಲವು ಬಾರಿ ಮದರ್‌ಬೋರ್ಡನ್ನೂ ರ‍್ಯಾಮನ್ನೂ ಬದಲಿಸಬೇಕಾಗುತ್ತದೆ. ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇರುವವರಿಗೆ ಮಾತ್ರ ತುಸು ಅನುಕೂಲ: ಬಯಾಸ್ ನವೀಕರಿಸಿದರೆ ಹಳೆಯ ಬೋರ್ಡುಗಳಲ್ಲಿ ಅನೇಕವು ರೈಜನ್ 5000 ಸರಣಿಯ ಪ್ರೊಸೆಸರನ್ನು ಒಪ್ಪಿಕೊಳ್ಳುತ್ತವೆ. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರನ್ನೂ ಗ್ರಾಫಿಕ್ಸನ್ನೂ ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುವುದರಿಂದ ಅಲ್ಲಿ ಬದಲಿಸಬಹುದಾದವು ಎಸ್‌ಎಸ್‌ಡಿ ಮತ್ತು ರ‍್ಯಾಮ್ ಮಾತ್ರ. ಕೆಲವು ತೆಳು ಮಾದರಿಗಳಲ್ಲಿ ರ‍್ಯಾಮ್ ಕೂಡ ಅಸಾಧ್ಯ.

ಹಳೆಯ ಯಂತ್ರಕ್ಕೆ ಎಷ್ಟು ಹಣ ಹಾಕಬಹುದು?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನ ಅಥವಾ ಅನಂತರದ ಪ್ರೊಸೆಸರೂ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಎಎಂಡಿಯಲ್ಲಿ ಬಹುಮಟ್ಟಿಗೆ ರೈಜನ್ 2000 ಸರಣಿಯಿಂದ ಈಚಿನವು ಸಲ್ಲುತ್ತವೆ. ಮಕ್ಕಳಿಗೆ ಪ್ರಿಯವಾದ ವ್ಯಾಲೊರಂಟ್ ಆಟವು ವಿಂಡೋಸ್ 11ರಲ್ಲಿ ಟಿಪಿಎಂ 2.0 ಇಲ್ಲದೆ ಓಡುವುದೇ ಇಲ್ಲ. ಆದುದರಿಂದ ನಾಲ್ಕನೆಯ ತಲೆಮಾರಿನ ಪ್ರೊಸೆಸರ್ ಇರುವ ಯಂತ್ರಕ್ಕೆ ದುಬಾರಿ ಡಿಡಿಆರ್3 ರ‍್ಯಾಮ್ ಕೊಳ್ಳುವುದು ಬಿರುಕುಬಿಟ್ಟ ಗೋಡೆಗೆ ಬಣ್ಣ ಬಳಿದಂತೆ. ಅಂತಹ ಯಂತ್ರಕ್ಕೆ ಎಸ್‌ಎಸ್‌ಡಿ ಒಂದನ್ನು ಹಾಕಿ, ಉಳಿದ ಹಣವನ್ನು ಮುಂದಿನ ಯಂತ್ರಕ್ಕಾಗಿ ಕೂಡಿಡುವುದು ಲೇಸು. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಸಂಸ್ಥೆಯ ಗ್ನೂ ಲಿನಕ್ಸ್ ವ್ಯವಸ್ಥೆಯಂಥದನ್ನು ಅದರಲ್ಲಿ ಅಳವಡಿಸಿದರೆ ಓದಿಗೂ ಬೆರಳಚ್ಚಿಗೂ ಇನ್ನೂ ಕೆಲವು ವರ್ಷ ಬಾಳುತ್ತದೆ.

ಕೊಳ್ಳುವಾಗ

ಜಿಎಸ್‌ಟಿ ಬಿಲ್ಲಿನಲ್ಲಿ ಭಾಗದ ಸೀರಿಯಲ್ ಸಂಖ್ಯೆಯನ್ನು ಬರೆಸಿಕೊಳ್ಳಿರಿ. ವಾರಂಟಿ ಎಷ್ಟು ವರ್ಷ, ಕೆಟ್ಟರೆ ಯಾವ ಊರಿಗೆ ಕಳುಹಿಸಬೇಕು ಎಂಬುದನ್ನು ಕೇಳಿರಿ; ಗಡಿಯಾಚೆಯ ನಗರದಲ್ಲಿ ಕೊಂಡವರಿಗೆ ಈ ಪ್ರಶ್ನೆ ಮುಖ್ಯ. ಬಳಸಿದ ಕಾರ್ಡನ್ನು ಕೊಳ್ಳುವುದಾದರೆ ಕನಿಷ್ಠ ಅರ್ಧ ಗಂಟೆ ಆಟ ಓಡಿಸಿ, ಪರದೆಯಲ್ಲಿ ಗೆರೆ ಮೂಡುವುದಿಲ್ಲ, ಯಂತ್ರ ತಾನಾಗಿ ನಿಲ್ಲುವುದಿಲ್ಲ ಎಂದು ಕಂಡ ಮೇಲೆಯೇ ಹಣ ಕೊಡಬೇಕು. ಒಮ್ಮೆಗೆ ಒಂದೇ ಭಾಗವನ್ನು ಬದಲಿಸಿ ಮತ್ತೆ ಅಳೆಯಿರಿ. ಒಂದು ತಡೆ ಹೋದೊಡನೆ ಮುಂದಿನ ತಡೆ ಎಲ್ಲಿದೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಎಷ್ಟೋ ಬಾರಿ ಎರಡನೆಯ ಖರ್ಚಿನ ಅಗತ್ಯವೇ ಬೀಳುವುದಿಲ್ಲ.

ಹೆತ್ತವರಲ್ಲಿ ಕೊನೆಯದಾಗಿ ಒಂದು ಸೂಚನೆ. ಈ ಅಳತೆಯ ಕೆಲಸವನ್ನು ಮಕ್ಕಳಿಗೇ ವಹಿಸಿರಿ. ಯಾವ ಆಟ, ಯಾವ ಸ್ಥಳ, ಎಷ್ಟು ಎಫ್‌ಪಿಎಸ್, ಯಾವ ಭಾಗದ ದುಡಿಮೆ ಶೇಕಡಾ ಎಷ್ಟು ಎಂಬುದನ್ನು ವಿಜ್ಞಾನ ಪ್ರಯೋಗದ ಪುಸ್ತಕದಲ್ಲಿ ಬರೆಯುವಂತೆ ಒಂದು ವಾರ ಬರೆಯಲಿ. ಕಾಸರಗೋಡಿನ ಪ್ರೌಢಶಾಲೆಗಳಲ್ಲಿ ಲಿಟಲ್ ಕೈಟ್ಸ್ ಘಟಕದಲ್ಲಿರುವ ಮಕ್ಕಳಿಗೆ ಇದು ಕಷ್ಟದ ಕೆಲಸವಲ್ಲ. ಅವರು ನೆರೆಮನೆಯವರಿಗೂ ಮಾಡಿಕೊಡಬಲ್ಲರು. ವಾರದ ಕೊನೆಯಲ್ಲಿ ಆ ಪುಟವನ್ನು ಮುಂದಿಟ್ಟುಕೊಂಡು ಮನೆಯವರೆಲ್ಲ ಕುಳಿತು, ಮಗು ತನ್ನ ಬೇಡಿಕೆಯ ಕಾರಣವನ್ನು ಕನ್ನಡದಲ್ಲಿ ವಿವರಿಸಲಿ. ವಿವರಣೆ ಹೆತ್ತವರಿಗೆ ಅರ್ಥವಾಗುವಷ್ಟು ಸ್ಪಷ್ಟವಾಗಿದ್ದರೆ ಹಣ ಎಲ್ಲಿಗೆ ಸಲ್ಲಬೇಕೆಂಬುದೂ ಅಷ್ಟೇ ಸ್ಪಷ್ಟವಾಗಿರುತ್ತದೆ.